ಲಾಭ ಬಿಟ್ಟು ಹತ್ತೊಂಬತ್ತು

ಅಕ್ಕ ಫೋನಿನಲ್ಲಿ ಅಳುವವಳಲ್ಲ. ಆ ಮಧ್ಯಾಹ್ನ ಅತ್ತಳೋ ಇಲ್ಲವೋ ಎಂದು ಆಣೆ ಮಾಡಿ ಹೇಳಲಾರೆ; ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ, ಆಟೋಗಳ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ನಿಂತಿದ್ದೆ. ಆಕೆ ಕೇಳಿದ ಪ್ರಶ್ನೆ ಮಾತ್ರ ನೆನಪಿದೆ.

"ತಮ್ಮಾ, ನೀ ಆವಾಗ ನನಗ ಹೇಳಿದ್ದು ಹತ್ತೊಂಬತ್ತು ಹೌದಿಲ್ಲೋ? ಖರೇ ಹೇಳು."

ಹೌದು ಎಂದೆ. ಹೇಳಿದ ಮರುಕ್ಷಣವೇ ಅನುಮಾನ ಶುರುವಾಯಿತು. ಇದು ನನ್ನ ಹಳೆಯ ರೋಗ. ನಮ್ಮದು ಕುರಿ ಸಾಕುವ ಮನೆ. ಆ ಮನೆಯಿಂದ ಮೊದಲು ಓದಿ ನೌಕರಿ ಹಿಡಿದವಳು ಅಕ್ಕ. ದೇವದುರ್ಗದ ಸರಕಾರಿ ಶಾಲೆಯೊಂದರಲ್ಲಿ ಗಣಿತದ ಟೀಚರ್. ಆಕೆಯ ಸಂಬಳದಲ್ಲಿ ನಾನು ವಿಶ್ವವಿದ್ಯಾಲಯಕ್ಕೆ ಹೋಗಿ ಗಣಿತದ ಎಂ.ಎಸ್ಸಿ. ಮಾಡಿ, ಯಾರು ಏನು ಹೇಳಿದರೂ ಪುರಾವೆ ಎಲ್ಲಿ ಎಂದು ಕೇಳುವ ಚಟ ಹತ್ತಿಸಿಕೊಂಡು ಬಂದೆ. ಈಗ ವಯಸ್ಸಾದಂತೆ ಆ ಚಟ ನನ್ನ ನೆನಪಿನ ಮೇಲೆಯೇ ತಿರುಗಿ ಬಿದ್ದಿದೆ.

ಅಕ್ಕ ಕೇಳಿದ ಹತ್ತೊಂಬತ್ತು ಏನೆಂದು ಹೇಳಬೇಕು. ಒಂದು ಎಂಬ ಅಂಕಿಯನ್ನು ಸಾಲಾಗಿ ಹತ್ತೊಂಬತ್ತು ಸಲ ಬರೆದರೆ ಒಂದು ಸಂಖ್ಯೆಯಾಗುತ್ತದೆ. ಅದು ಹನ್ನೊಂದು ಸಾವಿರದ ನೂರ ಹನ್ನೊಂದು ಕೋಟಿ ಕೋಟಿಗಿಂತ ದೊಡ್ಡದು. ಬಾಯಿಬಿಟ್ಟು ಓದಲು ಹೋದರೆ ಉಸಿರು ಸಾಲದು, ಬರೆಯಲು ಮಾತ್ರ ಒಂದನೇ ತರಗತಿಯ ಮಗುವಿಗೂ ಬರುತ್ತದೆ. ಅದರ ಹೆಚ್ಚುಗಾರಿಕೆ ಏನೆಂದರೆ, ಒಂದು ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಯಾವುದರಿಂದಲೂ ಅದು ಶೇಷವಿಲ್ಲದೆ ಭಾಗವಾಗುವುದಿಲ್ಲ. ಅದು ಅವಿಭಾಜ್ಯ. ಎರಡು ಒಂದುಗಳ ಹನ್ನೊಂದಕ್ಕೂ ಈ ಗಟ್ಟಿತನ ಇದೆ. ಆಮೇಲೆ ಹತ್ತೊಂಬತ್ತಕ್ಕೆ ಬರುವವರೆಗೆ ಯಾವುದಕ್ಕೂ ಇಲ್ಲ. ಮೂರು ಒಂದುಗಳು ಅಂದರೆ ಮೂವತ್ತೇಳರ ಮೂರು ಪಟ್ಟು. ಐದು ಒಂದುಗಳನ್ನು ನಲವತ್ತೊಂದು ಒಡೆಯುತ್ತದೆ, ಏಳನ್ನು ಇನ್ನೂರ ಮೂವತ್ತೊಂಬತ್ತು. ಹದಿನೇಳು ಒಂದುಗಳು ಬಹಳ ಸತಾಯಿಸುತ್ತವೆ, ಇಪ್ಪತ್ತು ಲಕ್ಷ ದಾಟುವವರೆಗೂ ಯಾವ ಸಂಖ್ಯೆಗೂ ಬಗ್ಗುವುದಿಲ್ಲ, ಕೊನೆಗೆ ಅವೂ ಒಡೆಯುತ್ತವೆ. ಹತ್ತೊಂಬತ್ತು ಒಡೆಯುವುದಿಲ್ಲ.

ಇದನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಅಕ್ಕನಿಗೆ ಹೇಳಿದೆ. ಎಲ್ಲಿ ಹೇಳಿದೆ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಒಪ್ಪಂದವಿಲ್ಲ. ನನ್ನ ನೆನಪಿನಲ್ಲಿ ನಾವು ದೇವಸುಗೂರಿನಲ್ಲಿ ಹೊಳೆಯ ದಂಡೆಯ ಮೇಲಿದ್ದೇವೆ, ಗುಡಿಗೆ ಹೋಗಿ ಬಂದು ಕೂತಿದ್ದೇವೆ, ನಾನು ಒದ್ದೆ ಮರಳಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದೇನೆ. ಅಕ್ಕ ಹೇಳುವುದೇ ಬೇರೆ. ಮಾನ್ವಿಯಲ್ಲಿ, ಆಕೆಯ ಗಂಡನ ಮನೆಯ ಹಿತ್ತಲಲ್ಲಿ, ಹೊಸದಾಗಿ ಸಾರಿಸಿದ ಗೋಡೆಯ ಮೇಲೆ ನಾನು ಇದ್ದಿಲಿನಿಂದ ಬರೆದೆನಂತೆ, ಅತ್ತೆಯ ಕೈಯಲ್ಲಿ ಬೈಸಿಕೊಂಡೆನಂತೆ. ಎರಡೂ ನಿಜವಾಗಿರಬಹುದು, ಎರಡೂ ಸುಳ್ಳಾಗಿರಬಹುದು.

ಆ ಸಂಖ್ಯೆಯನ್ನು ನಾನು ಮರೆತು ಬೇರೆ ಕೆಲಸಕ್ಕೆ ಹೋದೆ. ಅಕ್ಕ ಮರೆಯಲಿಲ್ಲ. ಪ್ರತಿ ವರ್ಷ ಏಳನೇ ತರಗತಿಯ ಮಕ್ಕಳು ಶಾಲೆ ಬಿಟ್ಟು ಹೋಗುವ ದಿನ ಅದನ್ನು ಬೋರ್ಡಿನ ಉದ್ದಕ್ಕೂ ಬರೆಯುತ್ತಿದ್ದಳು. ಹೆಚ್ಚಿನ ಮಕ್ಕಳು ಕೂಲಿಯವರ ಮನೆಯವರು, ಕುರಿಹಟ್ಟಿಯವರು. ಕೆಲವರ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅವರಿಗೆ ಆಕೆ ಹೇಳುತ್ತಿದ್ದುದನ್ನು ನಾನು ಒಮ್ಮೆ ಕಿಟಕಿಯಾಚೆ ನಿಂತು ಕೇಳಿದ್ದೇನೆ. "ಇದರಾಗ ಒಂದೂ ದೊಡ್ಡ ಅಂಕಿ ಇಲ್ಲ ನೋಡ್ರಿ. ಎಲ್ಲಾ ಒಂದ. ಒಂದಕ್ಕಿಂತ ಸಣ್ಣ ಅಂಕಿ ಸೊನ್ನಿ ಬಿಟ್ರ ಯಾವುದದ? ಆದ್ರ ಇದನ್ನ ಒಡಿಯಾಕ ಯಾವನಿಗೂ ಬರಂಗಿಲ್ಲ." ಇಷ್ಟೇ. ಮೇಲೆ ಉಪದೇಶ ಸುರಿಯುತ್ತಿರಲಿಲ್ಲ.

ಆ ವಾರ ಆಕೆಯ ನಿವೃತ್ತಿ ಇತ್ತು. ಶಾಲೆಗೆ ಏನಾದರೂ ಬಿಟ್ಟುಹೋಗಬೇಕೆಂದು ವರಾಂಡದ ಗೋಡೆಯ ಮೇಲೆ ಆ ಸಂಖ್ಯೆಯನ್ನೇ ಬಣ್ಣದಲ್ಲಿ ಬರೆಸಿದ್ದಳು. ಬರೆದವನು ಆಕೆಯ ಗಂಡ. ಅವನನ್ನು ನಾನು ಮಾವ ಅನ್ನುತ್ತೇನೆ. ಮಾನ್ವಿಯಲ್ಲಿ ಜೋಳ, ಭತ್ತ ಅಳೆದು ಮಾರುತ್ತಿದ್ದ ಮನೆಯವನು. ಕೈ ಬಹಳ ಚೊಕ್ಕ. ರಟ್ಟಿನಲ್ಲಿ ಒಂದರ ಅಂಕಿಯನ್ನು ಕತ್ತರಿಸಿಕೊಂಡು, ಅದನ್ನೇ ಗೋಡೆಗೆ ಒತ್ತಿ ಒತ್ತಿ ನೀಲಿ ಬಣ್ಣ ಬಳಿದಿದ್ದ. ಬೀಳ್ಕೊಡುಗೆಗೆ ಎರಡು ದಿನ ಇರುವಾಗ ಬೇರೆ ಶಾಲೆಯ ಗಣಿತದ ಮೇಷ್ಟ್ರೊಬ್ಬರು ಏನೋ ಕೆಲಸಕ್ಕೆ ಬಂದವರು ಆ ಗೋಡೆಯ ಮುಂದೆ ನಿಂತರು. ಕೆಳಗೆ ಅಕ್ಕ ಬರೆಸಿದ್ದ "ಯಾರೂ ಒಡೆಯಲಾರದ ಸಂಖ್ಯೆ" ಎಂಬ ಸಾಲನ್ನು ಓದಿದರು. ಎರಡು ಬೆರಳನ್ನು ಕತ್ತರಿಯಂತೆ ಮಾಡಿ ಒಂದುಗಳನ್ನು ಜೋಡಿ ಜೋಡಿಯಾಗಿ ಹಿಡಿಯುತ್ತಾ ಹೋದರು. ಹನ್ನೊಂದು, ಹನ್ನೊಂದು, ಹನ್ನೊಂದು. ಕೊನೆಯಲ್ಲಿ ಒಂಟಿ ಉಳಿಯಲೇ ಇಲ್ಲ. ಮೇಡಂ, ಇದು ಹನ್ನೊಂದರಿಂದ ಸೀದಾ ಭಾಗ ಹೋಗುತ್ತದಲ್ಲ ಎಂದು ಎಲ್ಲ ಶಿಕ್ಷಕರ ಎದುರಿಗೆ ನಕ್ಕರಂತೆ. ಅಕ್ಕ ಎಣಿಸಿ ನೋಡಿದಳು. ಇಪ್ಪತ್ತಿದ್ದವು.

"ಗ್ವಾಡಿದು ಹೋಗಲಿ ಬಿಡು," ಎಂದಳು ಫೋನಿನಲ್ಲಿ. "ಅದಕ್ಕ ಸುಣ್ಣ ಬಳಿಸ್ತೀನಿ. ಗ್ವಾಡಿ ಮ್ಯಾಲ ತಪ್ಪಿದ್ದು ಬೋರ್ಡಿನ ಮ್ಯಾಲ ತಪ್ಪಿಲ್ಲಂತ ಹೆಂಗ ಹೇಳ್ಲಿ? ನಾ ಯಾವತ್ತೂ ತಿರುಗಿ ಎಣಸಿ ನೋಡಿಲ್ಲ. ಅಷ್ಟು ಹುಡುಗರಿಗೆ ಸುಳ್ಳು ಹೇಳಿ ಕಳಿಸೀನೇನೋ. ನಾಳಿದ್ದು ನಾ ಏನೂ ಮಾತಾಡಂಗಿಲ್ಲ, ಹಾರ ಹಾಕಿಸ್ಕೊಂಡು ಬಂದುಬಿಡ್ತೀನಿ."

ಮೊದಲು ನಾನು ನನ್ನ ಅನುಮಾನ ತೀರಿಸಿಕೊಂಡೆ. ಮೊಬೈಲಿನ ಕ್ಯಾಲ್ಕುಲೇಟರು ಅಷ್ಟು ಅಂಕಿಗಳನ್ನು ಹಿಡಿಯಲಾರದೆ ಏನೋ ಚುಟುಕಾಗಿ ತೋರಿಸಿತು. ನಾನು ಪಾಠ ಮಾಡುವ ಕಾಲೇಜಿಗೆ ಹೋಗಿ ಕಂಪ್ಯೂಟರಿಗೆ ಹಾಕಿದೆ. ಕಣ್ಣು ಮಿಟುಕಿಸುವುದರೊಳಗೆ ಹತ್ತೊಂಬತ್ತು ಗಟ್ಟಿ ಎಂದಿತು. ಸಂಖ್ಯೆಯ ಬಗ್ಗೆ ಪ್ರಶ್ನೆಯೇ ಇಲ್ಲ. ಅದು ನಾನು ಹುಟ್ಟುವ ಮೊದಲೂ ಒಡೆಯುತ್ತಿರಲಿಲ್ಲ, ಸತ್ತ ಮೇಲೂ ಒಡೆಯುವುದಿಲ್ಲ. ಪ್ರಶ್ನೆ ಇದ್ದದ್ದು ಅಕ್ಕನ ಕೈಯ ಬಗ್ಗೆ. ದೇವದುರ್ಗದ ಬಸ್ಸು ಹತ್ತಿದೆ. ಗಬ್ಬೂರು ದಾಟುವವರೆಗೆ ಏನು ಹೇಳಿ ಸಮಾಧಾನ ಮಾಡಲಿ ಎಂದು ಯೋಚಿಸಿದೆ, ಒಂದೂ ಹೊಳೆಯಲಿಲ್ಲ.

ಸಂಜೆ ಬಿಸಿಲಲ್ಲಿ ಅಕ್ಕ, ಮಾವ ಇಬ್ಬರೂ ಶಾಲೆಯ ಗೇಟಿನ ಹತ್ತಿರ ಕಾಯುತ್ತಿದ್ದರು. ಮಾವನ ಮುಖ ಊದಿಕೊಂಡಿತ್ತು. ಗೋಡೆಯ ಮುಂದೆ ನಿಂತು ನಾನು ಎಣಿಸಿದೆ, ಇಪ್ಪತ್ತು. ಮತ್ತೆ ಎಣಿಸಿದೆ, ಹತ್ತೊಂಬತ್ತು. ಒಂದೇ ಥರದ ವಸ್ತುಗಳನ್ನು ಕಣ್ಣಿನಿಂದ ಎಣಿಸಬಾರದು. ನಮ್ಮ ಅಜ್ಜ ಕುರಿಗಳನ್ನು ಕೈಯಿಂದ ಮುಟ್ಟಿಯೇ ಎಣಿಸುತ್ತಿದ್ದ. ಬೆರಳಿನಿಂದ ಮುಟ್ಟಿ ಎಣಿಸಿದೆ. ಇಪ್ಪತ್ತೇ. ಬೆರಳಿಗೆ ನೀಲಿ ಹತ್ತಿತು.

"ನೋಡ್ರೀ ಪ್ರೊಫೆಸರ್," ಎಂದ ಮಾವ. "ನಾ ಎಣಸಿದ್ದು ಹತ್ತೊಂಬತ್ತ. ಇದು ಇಪ್ಪತ್ತು ಹೆಂಗಾತೋ ಆ ದೇವರಿಗೆ ಗೊತ್ತು. ಜ್ವಾಳ ಅಳದ ಕೈ ಇದು, ತಪ್ಪಂಗಿಲ್ಲ."

ಹೇಗೆ ಎಣಿಸಿದೆ, ಒಮ್ಮೆ ತೋರಿಸು ಎಂದೆ. ಮಾವ ಬಿಗುಮಾನದಿಂದಲೇ ಮೊದಲ ಅಂಕಿಯ ಮೇಲೆ ಕೈ ಇಟ್ಟ.

"ಲಾಭ," ಎಂದ. ಕೈಯನ್ನು ಎರಡನೆಯದಕ್ಕೆ ಸರಿಸಿದ. "ಒಂದು. ಎರಡು. ಮೂರು..."

ಅಕ್ಕ ತಲೆ ಮೇಲೆ ಕೈ ಹೊತ್ತಳು.

ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಸಾಬರ ಅಂಗಡಿಗಳಲ್ಲಿ ಬರಕತ್ ಅನ್ನುತ್ತಾರೆ. ಒಳ್ಳೆಯ ಮಾತಿನಿಂದ ಅಳತೆ ಶುರುವಾಗಲಿ ಎಂದು. ನಮ್ಮ ಮನೆಯಲ್ಲಿ ಆ ಲಾಭವೇ ಒಂದು. ಅದರ ನಂತರ ಬರುವುದು ಎರಡು. ಮಾವನ ಮನೆಯಲ್ಲಿ ಹಾಗಲ್ಲ. ಅಲ್ಲಿ ಮೊದಲ ಸೇರನ್ನು ಲಾಭ ಎಂದು ಬೇರೆ ಬುಟ್ಟಿಗೆ ಸುರಿದು, ಬಾಗಿಲಿಗೆ ಬರುವ ಜಂಗಮರಿಗೋ ಫಕೀರರಿಗೋ ಎತ್ತಿಡುತ್ತಾರೆ. ಲೆಕ್ಕ ಶುರುವಾಗುವುದು ಆಮೇಲೆ, ಒಂದರಿಂದ. ಮಾವ ಸಸಿ ನೆಡುವಾಗಲೂ, ಇಟ್ಟಿಗೆ ಇಳಿಸುವಾಗಲೂ ಹೀಗೇ ಎಣಿಸುವವನು. ಗೋಡೆಗೂ ಅದನ್ನೇ ಮಾಡಿದ್ದ.

"ಗ್ವಾಡಿ ಮ್ಯಾಲ ಯಾವ ಫಕೀರಗ ಎತ್ತಿಟ್ರಿ ನೀವು?" ಎಂದಳು ಅಕ್ಕ.

ಮಾವನಿಗೆ ನಗು ಬಂತು. ನನಗೂ ಬಂತು. ಅಕ್ಕನಿಗೂ ತುಟಿಯವರೆಗೆ ಬಂದದ್ದು ಅಲ್ಲೇ ನಿಂತಿತು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಜೊತೆ ಜೋಳ ಅಳೆದವಳು ಆಕೆಯೇ. ಅತ್ತೆ ತೀರಿದ ಮೇಲೂ ಅದೇ ಸೇರು, ಅದೇ ಬುಟ್ಟಿ. ಗೋಡೆಯ ಕಡೆಗೇ ನೋಡುತ್ತಾ ಕೇಳಿದಳು.

"ಬೋರ್ಡಿನ ಮುಂದ ನಿಂತಾಗ ನಾ ಯಾವ ಮನಿ ಲೆಕ್ಕ ಹಾಕ್ತಿದ್ದೆ?"

ಆ ರಾತ್ರಿ ಊಟಕ್ಕೆ ಕೂತಾಗ ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಅಕ್ಕ ತವರಲ್ಲಿ ಲಾಭ, ಎರಡು, ಮೂರು ಎಂದೇ ಕಲಿತವಳು, ಚಿಕ್ಕಂದಿನಲ್ಲಿ ಕಲಿತದ್ದೇ ಗಟ್ಟಿ ಎಂದೆ. ಅಜ್ಜಿ ಹಾಗೆಯೇ ಅಳೆಯುತ್ತಿದ್ದಳು ಎಂದೆ. ಹೇಳುತ್ತಿದ್ದಂತೆ ಅಜ್ಜಿಯ ಕೈ ಕಣ್ಣಿಗೆ ಬಂತು, ಬಳೆ ಬಂತು, ಸೇರಿನ ಹಿತ್ತಾಳೆ ಪಟ್ಟಿ ಬಂತು. ಬಾಯಿಂದ ಬಂದ ಮಾತು ಮಾತ್ರ ಬರಲಿಲ್ಲ. ಅಜ್ಜಿ ಲಾಭ ಆದಮೇಲೆ ಏನು ಹೇಳುತ್ತಿದ್ದಳು? ನನಗೆ ನಿಜವಾಗಿ ಗೊತ್ತಿಲ್ಲ. ಅಕ್ಕನ ಸಮಾಧಾನಕ್ಕಾಗಿ ನೆನಪನ್ನು ಅಲ್ಲೇ ಕೂತು ತಯಾರಿಸಿದೆನೋ ಏನೋ. ಅಕ್ಕ ನನ್ನ ಮುಖ ನೋಡಿ, ಉಣ್ಣು ಎಂದಳು.

ಬೆಳಿಗ್ಗೆ ಹಲ್ಲುಜ್ಜುತ್ತಾ ಅಂಗಳದಲ್ಲಿದ್ದೆ. ಗಿರಣಿಗೆ ಕಳಿಸಲು ಅಕ್ಕ ಜೋಳ ಅಳೆಯುತ್ತಿದ್ದಳು. ನಿವೃತ್ತಿಯ ಹಿಂದಿನ ದಿನವಾದರೂ ಮನೆಯಲ್ಲಿ ಹಿಟ್ಟು ಬೇಕಲ್ಲ. ಮಾವನಿಗೆ ಏನೋ ಹೇಳುತ್ತಲೇ ಸೇರು ತುಂಬಿ, ಮೇಲೆ ಕೈಯಾಡಿಸಿ, ಲಾಭ ಎಂದು ಮೂಲೆಯ ಸಣ್ಣ ಬುಟ್ಟಿಗೆ ಸುರಿದಳು. ಮತ್ತೆ ತುಂಬಿದಳು. "ಒಂದು" ಎಂದಳು.

ಸೇರು ಅಲ್ಲೇ ನಿಂತಿತು. ನನ್ನ ಕಡೆ ನೋಡಿದಳು.

"ಕೇಳಿದೇನು?"

ಕೇಳಿಲ್ಲ ಎನ್ನಬಹುದಿತ್ತು. ಬಾಯಿಯಲ್ಲಿ ಪೇಸ್ಟಿನ ನೊರೆ ಇತ್ತು. ಅದನ್ನು ಉಗುಳುವ ನೆಪದಲ್ಲಿ ಬಚ್ಚಲ ಕಡೆ ತಿರುಗಿದೆ. ಆಕೆ ಉಳಿದ ಜೋಳವನ್ನು ಅಳೆಯದೆ ಹಾಗೇ ಚೀಲಕ್ಕೆ ಸುರಿದು ಬಾಯಿ ಕಟ್ಟಿದಳು. ಮಾವ ಗಿರಣಿಗೆ ಹೊರಟವನು ನನ್ನ ಪಕ್ಕ ಬಂದು, ಇಷ್ಟು ವರ್ಷ ಯಾರಾದರೂ ಬಂದು ಟೀಚರ್ ಸುಳ್ಳು ಹೇಳಿದರು ಅಂದಿದ್ದಾರೇನು, ಆಕೆಗೆ ತಿಳಿಸಿ ಹೇಳು ಎಂದು ಪಿಸುಗುಟ್ಟಿದ. ಯಾರೂ ಅನ್ನದಿದ್ದರೆ ಸುಳ್ಳು ನಿಜವಾಗುವುದಿಲ್ಲ ಎಂದು ಅಕ್ಕನಿಗೂ ಗೊತ್ತು, ನನಗೂ ಗೊತ್ತು. ನಾವಿಬ್ಬರೂ ಓದಿದ್ದು ಅದನ್ನೇ.

ಶಾಲೆಗೆ ನಾನೂ ಹೋದೆ. ಆಕೆಯೇ ಬಾ ಎಂದಳು. ಏಳನೇ ತರಗತಿಗೆ ಆಕೆಯ ಕೊನೆಯ ಪಾಠ. ನಾನು ಹಿಂದಿನ ಸಾಲಿನಲ್ಲಿ, ಮೊಣಕಾಲು ಹಿಡಿಸದ ಬೆಂಚಿನ ಮೇಲೆ ಕೂತೆ. ಅಕ್ಕ ಸೀಮೆಸುಣ್ಣ ಹಿಡಿದು ಬೋರ್ಡಿಗೆ ಮುಖ ಮಾಡಿ ಬಹಳ ಹೊತ್ತು ನಿಂತಳು. ಬಹಳ ಹೊತ್ತು ಎಂಬುದೂ ನನ್ನ ಆತಂಕದ ಅಳತೆ ಇರಬಹುದು. ಆಕೆಯ ಬೆನ್ನು ನೋಡಿದರೆ ಬರೆಯುವುದಿಲ್ಲ ಅನ್ನಿಸಿತು. ಆಮೇಲೆ ಕೈ ಎತ್ತಿ ಎಡ ಅಂಚಿನಲ್ಲಿ ಒಂದು ಗೆರೆ ಎಳೆದಳು. ಏನೂ ಎಣಿಸಲಿಲ್ಲ.

ಎಣಿಸಿದ್ದು ತರಗತಿ.

"ಒಂದು," ಎಂದಿತು ಇಡೀ ಕೋಣೆ, ಒಂದೇ ದನಿಯಲ್ಲಿ.

ಅಕ್ಕನ ಕೈ ನಿಂತಿತು. ಆಕೆ ತಿರುಗಿ ನೋಡಲಿಲ್ಲ. ಎರಡನೇ ಗೆರೆ ಎಳೆದಳು. ಎರಡು ಎಂದರು ಮಕ್ಕಳು. ಬೋರ್ಡಿನ ಮೇಲೆ ಏನನ್ನಾದರೂ ಸಾಲಾಗಿ ಬರೆದರೆ ಸೀಮೆಸುಣ್ಣದ ಟಕ್ ಎನ್ನುವ ಸದ್ದಿಗೆ ಎಣಿಸಬೇಕೆಂದು ಒಂದನೇ ತರಗತಿಯಿಂದಲೇ ಅವರಿಗೆ ರೂಢಿ ಮಾಡಿಸಿದವಳು ಆಕೆಯೇ. ಅದು ಎಷ್ಟು ಹಳೆಯ ರೂಢಿಯೆಂದರೆ, ಮನೆಯಲ್ಲಿ ಗಡಿಯಾರದ ಸದ್ದು ಕೇಳದಂತೆ ಆಕೆಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ತನ್ನ ನೆನಪನ್ನು ಹುಡುಕುವಾಗ ತನ್ನ ಬಾಯನ್ನೇ ಹುಡುಕಿದ್ದಳು; ಎಣಿಕೆ ಇದ್ದದ್ದು ಬೆನ್ನ ಹಿಂದೆ. ಈ ಮಕ್ಕಳಿಗೆ ಲಾಭವೂ ಗೊತ್ತಿಲ್ಲ, ಬರಕತ್ತೂ ಗೊತ್ತಿಲ್ಲ. ಅವರ ಮನೆಗಳಲ್ಲಿ ಈಗ ಕಾಳು ಕಿಲೋ ಲೆಕ್ಕದಲ್ಲಿ ಪೊಟ್ಟಣವಾಗಿ ಬರುತ್ತದೆ.

ಹತ್ತಾದ ಮೇಲೆ ದನಿ ಏರಿತು, ಹದಿನೈದಕ್ಕೆ ಬೆಂಚು ಬಡಿಯತೊಡಗಿದರು. ಎಷ್ಟಕ್ಕೆ ನಿಲ್ಲುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ಎಂದು ಕೂಗಿದಾಗ ಅಕ್ಕ ಸೀಮೆಸುಣ್ಣ ಕೆಳಗಿಟ್ಟಳು. ತಿರುಗಿದಾಗ ಆಕೆಯ ಕಣ್ಣು ಒದ್ದೆಯಾಗಿತ್ತು. ಇದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ, ನಾನು ಎದುರಿಗೇ ಇದ್ದೆ. ಆಮೇಲೆ ಎಂದಿನ ಮಾತು ಹೇಳಿದಳು. ಇದರಾಗ ಒಂದೂ ದೊಡ್ಡ ಅಂಕಿ ಇಲ್ಲ ನೋಡ್ರಿ.

ಹೊರಗೆ ಬಂದ ಮೇಲೆ ನನ್ನ ಚಟ ಸುಮ್ಮನಿರಲಿಲ್ಲ. ಈ ವರ್ಷದ ಮಕ್ಕಳು ಎಣಿಸಿದ್ದು ಹಿಂದಿನ ವರ್ಷಗಳಿಗೆ ಪುರಾವೆಯಲ್ಲ ಎಂಬುದು ನಾಲಿಗೆಯ ತುದಿಗೆ ಬಂತು. ಅಕ್ಕನಿಗೆ ಅದು ಗೊತ್ತಾಯಿತು.

"ಏನೋ ಅನ್ನಾಕತ್ತಿ, ಅನ್ನು."

"ಏನಿಲ್ಲಕ್ಕಾ."

"ಪ್ರತಿ ವರ್ಷದ ಹುಡುಗರೂ ಹಿಂಗ ಒದರ್ಯಾರ. ಹೋದ ವರ್ಷ ಹೆಡ್ ಮಾಸ್ತರು ಬಂದು ಬಾಗಲಾ ಹಾಕ್ಕೋರಿ ಅಂದಿದ್ರು. ಅದು ಈಗ ನೆನಪಾತು ನೋಡು." ಸ್ವಲ್ಪ ದೂರ ನಡೆದು ಸೇರಿಸಿದಳು: "ಪುರಾವೆ ಅಲ್ಲ ಅಂತಿ. ಅಲ್ಲ ಬಿಡು. ನನಗ ಸಾಕು."

ನನಗೂ ಸಾಕಾಯಿತು ಎಂದು ಬರೆಯಲು ಆಸೆ. ಮುಕ್ಕಾಲು ಪಾಲು ಸಾಕಾಯಿತು.

ಮಧ್ಯಾಹ್ನ ಮಾವ ಬಣ್ಣ ಕರಗಿಸುವ ಎಣ್ಣೆ, ಹಳೆ ಬನಿಯನ್ನಿನ ಚೂರು ಹಿಡಿದು ಗೋಡೆಯ ಮುಂದೆ ನಿಂತ. ಒಂದನ್ನು ಅಳಿಸಬೇಕು, ಯಾವುದನ್ನು? ಗಣಿತಕ್ಕೆ ಯಾವುದಾದರೂ ಒಂದೇ, ಎಲ್ಲವೂ ಒಂದೇ ಅಲ್ಲವೆ. ಕೊನೆಯದನ್ನು ಅಳಿಸು, ಸುಲಭ ಎಂದೆ ನಾನು. ಮೊದಲನೆಯದನ್ನೇ ಅಳಿಸಬೇಕು, ಹೆಚ್ಚಾದದ್ದು ಅದೇ ಎಂದಳು ಅಕ್ಕ. ಮಾವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡುಬಿಟ್ಟ. ಲಾಭ ಅಳಿಸುವ ಕೈ ತನ್ನದಲ್ಲ ಎಂದ. ಅವನವ್ವ ಬದುಕಿದ್ದಿದ್ದರೆ ಬೆನ್ನು ಬಾರಿಸುತ್ತಿದ್ದಳಂತೆ. ಗಂಡ ಹೆಂಡತಿ ಜಗಳ ಸ್ವಲ್ಪ ಹೊತ್ತು ನಡೆಯಿತು. ಹಿಂದಿನ ದಿನದ ಬಿಗುವು ಅದರಲ್ಲಿರಲಿಲ್ಲ. ಕೊನೆಗೆ ಮಾವ ಮೊದಲ ಅಂಕಿಯನ್ನು ಒರೆಸಿ, ಅದನ್ನೇ ಒಂದು ಗೇಣು ಎಡಕ್ಕೆ ಸರಿಸಿ, ಅರಿಶಿಣ ಬಣ್ಣದಲ್ಲಿ ಬರೆದ. ಸಾಲಿನ ಹೊರಗೆ, ಎತ್ತಿಟ್ಟಂತೆ. ಉಳಿದ ಹತ್ತೊಂಬತ್ತು ನೀಲಿಯಾಗಿಯೇ ಉಳಿದವು. ನಡುವೆ ಒರೆಸಿದ ಜಾಗ ಮಸುಕಾಗಿ ಕಾಣುತ್ತಿತ್ತು.

ಮರುದಿನ ಬೀಳ್ಕೊಡುಗೆಗೆ ಆ ಗಣಿತದ ಮೇಷ್ಟ್ರೂ ಬಂದಿದ್ದರು. ಕೆಟ್ಟವರಲ್ಲ, ನಕ್ಕದ್ದು ಹೆಚ್ಚಾಯಿತೇನೋ ಎಂದು ಅಕ್ಕನಿಗೆ ಕೈಮುಗಿದರು. ಆದರೂ ಚಟ ಯಾರಿಗೆ ಬಿಟ್ಟಿದೆ. ಅಕ್ಕ ಮಾತಾಡಲು ಮೈಕಿನ ಮುಂದೆ ನಿಲ್ಲುವಷ್ಟರಲ್ಲಿ ಅವರು ವರಾಂಡದ ಗೋಡೆಯ ಹತ್ತಿರ ಎರಡು ಬೆರಳಿನಿಂದ ಜೋಡಿ ಹಿಡಿಯುತ್ತಾ ಹೊರಟಿದ್ದರು. ಬಲ ತುದಿಯಲ್ಲಿ ಒಂಟಿ ಉಳಿಯಿತು. ಅದಕ್ಕೆ ಜೊತೆ ಹುಡುಕುವವರಂತೆ ಎಡಕ್ಕೆ ತಿರುಗಿ, ಅರಿಶಿಣ ಬಣ್ಣದ ಒಂದರ ಕಡೆ ಕೈ ಚಾಚಿದರು.

ಅಕ್ಕ ತನ್ನ ಭಾಷಣವನ್ನು ಅಲ್ಲಿಂದಲೇ ಶುರು ಮಾಡಿದಳು.

"ಸರ, ಅದನ್ನ ಸೇರಸಬ್ಯಾಡ್ರಿ. ಅದು ಬಾಗಲಿಗೆ ಬಂದವರಿಗೆ ಎತ್ತಿಟ್ಟದ್ದು."

ಹೀಗೆಯೇ ಹೇಳಿದಳೆಂದು ನನ್ನ ನೆನಪು. ಮಾವನನ್ನು ಕೇಳಿದರೆ ಆ ಮಾತು ಹೇಳಿದ್ದು ತಾನು ಅನ್ನುತ್ತಾನೆ.